ವೈಫೈ ಕಳ್ಳತನ

ಸಂಜೆ ಆರಕ್ಕೆ ಮೇಲಿನ ಮನೆಯ ಇಂದುಮತಿ ಆನ್‌ಲೈನ್ ಯೋಗ ಕ್ಲಾಸ್ ಶುರುಮಾಡಿದರೆ ಸಾಕು, ಕೆಳಗಿನ ಮನೆಯ ಹಾಲೇಶಪ್ಪನವರ ಕಂಪ್ಯೂಟರಿನಲ್ಲಿ ಕ್ರಿಕೆಟ್ ತಡವರಿಸುತ್ತಿತ್ತು. ಆಕೆ ತಮ್ಮ ವೈಫೈ ಕದಿಯುತ್ತಿದ್ದಾರೆ ಎಂಬುದರಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ.

ಸಿಗ್ನಲ್ ಮೇಲಕ್ಕೆ ಏರದಿರಲಿ ಎಂದು ರೌಟರಿನ ಮೇಲೆ ಸ್ಟೀಲ್ ಪಾತ್ರೆ ಬೋರಲು ಹಾಕಿದರು. ಯೋಗ ನಿಲ್ಲಲಿಲ್ಲ. ಕೇಬಲ್‌ನವನನ್ನು ಕರೆಸಿ ಪಾಸ್‌ವರ್ಡ್ ಬದಲಾಯಿಸಿದರು. ಅವರ ಕಂಪ್ಯೂಟರ್ ಹೊಸ ಪಾಸ್‌ವರ್ಡ್ ಕೇಳಲೇ ಇಲ್ಲ. ಯಜಮಾನನ ಗುರುತು ಅದಕ್ಕಿದೆ ಎಂದು ಹಿಗ್ಗಿದರು. ಯೋಗ ಮಾತ್ರ ಆಗಲೂ ನಿಲ್ಲಲಿಲ್ಲ.

ಕೊನೆಗೊಂದು ಸಂಜೆ ಕ್ಲಾಸಿನ ನಡುವೆಯೇ ಆಕೆಯನ್ನು ಕೆಳಗೆ ಕರೆದರು. ಶಿಷ್ಯರನ್ನೆಲ್ಲ ಶವಾಸನದಲ್ಲಿ ಮಲಗಿಸಿ ಇಂದುಮತಿ ಇಳಿದು ಬಂದರು.

“ನೋಡಮ್ಮ, ಕೇಳಿದ್ರೆ ನಾನೇ ಕೊಡ್ತಿದ್ದೆ. ಹೀಗೆ ಕದಿಯೋದು ಸರಿಯಲ್ಲ.”

“ನನ್ನ ಮನೇಲಿ ನಂದೇ ಇದೆ ಸರ್.” ಆಕೆಯ ಮುಖ ಕೆಂಪಾಗಿತ್ತು.

“ಇದನ್ನ ಕಿತ್ತ ಮೇಲೂ ನಿಮ್ಮದು ನಡೆದ್ರೆ, ಇಡೀ ಬೀದಿ ಎದುರಿಗೆ ಕ್ಷಮೆ ಕೇಳ್ತೀನಿ.”

ಹಾಲೇಶಪ್ಪನವರು ರೌಟರಿನ ಪ್ಲಗ್ ಕಿತ್ತರು. ಅದರ ದೀಪಗಳೆಲ್ಲ ಆರಿದವು. ಮೇಲಿನ ಮನೆಯತ್ತ ಕಿವಿಗೊಟ್ಟು ಐದು ನಿಮಿಷ ಕಾದರು. ಆಕೆಯ ಸ್ಪೀಕರಿನಲ್ಲಿ ಯಾರೋ ಶಿಷ್ಯರ ಗೊರಕೆ ಕೇಳುತ್ತಲೇ ಇತ್ತು. ಹಾಲೇಶಪ್ಪನವರ ಬೆನ್ನ ಹಿಂದೆ ಕಂಪ್ಯೂಟರಿನಲ್ಲಿ ಕ್ರಿಕೆಟ್ಟೂ ನಡೆಯುತ್ತಲೇ ಇತ್ತು.

ಇಂದುಮತಿ ಒಮ್ಮೆ ಕಂಪ್ಯೂಟರ್ ನೋಡಿದರು, ಒಮ್ಮೆ ಅವರನ್ನು ನೋಡಿದರು.

“ನಿಮ್ಮ ರೌಟರ್ ಬರೋ ತನಕ ಇರಲಿ ಅಂತ ನನ್ನ ವೈಫೈ ಹಾಕಿಕೊಟ್ಟಿದ್ದೆನಲ್ಲ ಸರ್, ಇನ್ನೂ ಅದರಲ್ಲೇ ಇದ್ದೀರಾ?”