ಹಲ್ಲು ತೋರಿಸಲು ಹೋದವರು

ಕ್ರೀಡಾಂಗಣದ ಗೇಟಿನಲ್ಲಿ ಕೆಂಪು ಹೆಲ್ಮೆಟ್ ಕಂಡದ್ದೇ ತಡ, ತಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವನೇ. ಮಧ್ಯಾಹ್ನದ ಊಟಕ್ಕೂ ಔಷಧಿ ಅಂಗಡಿ ಬಿಟ್ಟು ಏಳದವನು ಇಷ್ಟು ಹೊತ್ತಿಗೇ ಇಲ್ಲಿಗೆ ಬಂದಿದ್ದಾನೆ ಎಂದರೆ ಸುಳ್ಳು ಸಿಕ್ಕಿಬಿದ್ದಿದೆ.

ಸುಳ್ಳು ಅವಳದೇ. “ಹಲ್ಲಿನ ಡಾಕ್ಟರ ಹತ್ರ ಹೋಗಿ ಬರ್ತೀವಿ” ಎಂದು ಹೇಳಿ, ಬೆಳಗ್ಗೆ ಮಗಳ ಕೈ ಹಿಡಿದುಕೊಂಡು ಹೊರಟಿದ್ದಳು. ಮಗಳ ಮುಂದಿನ ಎರಡು ಹಲ್ಲು ಬಿದ್ದಿದ್ದರಿಂದ ನೆಪ ಸಲೀಸಾಗಿ ಹೊಂದಿಕೊಂಡಿತ್ತು. ಆ ಡಾಕ್ಟರು ದಿನಾ ಔಷಧಿ ಅಂಗಡಿಯ ಮುಂದೆ ನಿಂತು ಹರಟೆ ಹೊಡೆಯುವವರು ಎಂಬುದು ಮಾತ್ರ ಅವಳ ತಲೆಗೆ ಹೊಳೆದಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡು ಇಷ್ಟೇ.

ಮೈದಾನದಲ್ಲಿ ಇನ್ನೂರು ಮೀಟರ್ ಓಟಕ್ಕೆ ಒಬ್ಬೊಬ್ಬರನ್ನೇ ಕರೆದು ನಿಲ್ಲಿಸುತ್ತಿದ್ದರು. ಮಗಳು ತನ್ನ ಗೆರೆಯ ಮೇಲೆ ನಿಂತು ಇತ್ತ ತಿರುಗಿದಳು. ಕೈ ಬೀಸಿ ಬೊಚ್ಚು ನಗೆ ನಕ್ಕಳು. ಕೆಂಪು ಹೆಲ್ಮೆಟ್ ಅವಳ ಕಣ್ಣಿಗೆ ಇನ್ನೂ ಬಿದ್ದಿರಲಿಲ್ಲ.

ತಾಯಿ ದರ್ಜಿ. ಬದುಕೆಲ್ಲ ಹೊಲಿಗೆ ಮೆಷೀನಿನ ಮುಂದೆ ಕೂತವಳು. ಓಟ ಎಂದರೆ ಅವಳ ಮಟ್ಟಿಗೆ ಸೂಜಿ ಓಡುವುದು, ಅಷ್ಟೇ. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಉಳಿದವರ ಚಪ್ಪಲಿ ಕಾಯುವ ಕೆಲಸ ಅವಳಿಗೆ. ಬಸ್ಸು ಹೊರಟುಬಿಟ್ಟರೆ ಇನ್ನೊಂದು ಬರುತ್ತದೆ ಬಿಡು ಎನ್ನುವ ಪೈಕಿ. ಇಂಥವಳ ಹೊಟ್ಟೆಯಲ್ಲಿ ಇಂಥ ಮಗಳು! ಒಂದು ದಿನ, ಹೊರಟೇಹೋಗಿದ್ದ ಬಸ್ಸನ್ನು ಮಗಳು ಬೆನ್ನಟ್ಟಿ ಹಿಡಿದಳು. ಹಿಂದಿನ ಸೀಟಿನಲ್ಲಿ ಕೂತು ಅದನ್ನು ನೋಡಿದ ಡ್ರಿಲ್ ಮಾಸ್ತರು ಮನೆ ಹುಡುಕಿಕೊಂಡು ಬಂದರು.

“ಈ ವಯಸ್ಸಲ್ಲಿ ಇಂಥ ಓಟ ನಾನು ನೋಡಿಲ್ಲಮ್ಮ. ಈ ಕಾಲನ್ನ ಸುಮ್ನೆ ಕೂರಿಸ್ಬೇಡಿ,” ಎಂದರು.

ತಾಯಿ ಹಿಗ್ಗಿ ಹೀರೇಕಾಯಿಯಾದಳು. ಬಟ್ಟೆ ಹೊಲಿಸಲು ಬಂದವರು ಮಗಳ ಓಟದ ವರ್ಣನೆ ಕೇಳದೆ ಅಳತೆ ಕೊಡುವಂತಿರಲಿಲ್ಲ. ಓಡುವ ಪ್ಯಾಂಟನ್ನೂ ತಾನೇ ಹೊಲಿದಳು. ಸೊಂಟಕ್ಕೆ ಅಗಲವಾದ ಎಲಾಸ್ಟಿಕ್, ಬಿದ್ದರೂ ತರಚದಿರಲೆಂದು ಮಂಡಿಯ ಬಳಿ ಒಳಗಡೆ ಮೆತ್ತನೆಯ ಇನ್ನೊಂದು ಪದರ.

ಅವನು ಮಾತ್ರ ಒಪ್ಪಲಿಲ್ಲ. ಮನೆ ನಡೆಸುವವನು ಅವನು. ಅವನ ಮಾತೇ ಕೊನೆ. ಹೋದ ಬೇಸಿಗೆಯಲ್ಲಿ ಮಗಳು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ ತುತ್ತು ಮಾಡಿ ತಿನ್ನಿಸಿದವನು, ತಲೆ ಬಾಚಿದವನು ಅವನೇ. ಆ ನರಳಾಟವನ್ನು ಇನ್ನೊಮ್ಮೆ ನೋಡುವ ಧೈರ್ಯ ಅವನಿಗಿರಲಿಲ್ಲ.

“ಓಟ ಗೀಟ ಬೇಡ ಅಂದ್ರೆ ಬೇಡ. ಈ ಸಲ ಬಿದ್ರೆ ಬರೀ ಕೈಗೇ ಮುಗಿಯಲ್ಲ,” ಎಂದು ಬೂಟುಗಳನ್ನೇ ಬಚ್ಚಿಟ್ಟಿದ್ದ. ಈಗ ಮಗಳ ಕಾಲಲ್ಲಿದ್ದದ್ದು ಡ್ರಿಲ್ ಮಾಸ್ತರು ಎಲ್ಲಿಂದಲೋ ಹೊಂದಿಸಿ ತಂದ ಜೋಡಿ.

ಭಯ ತಾಯಿಗೂ ಇತ್ತು. ಆದರೆ ಇವತ್ತು ತಪ್ಪಿದರೆ ಇನ್ನು ಓಟವೇ ಇಲ್ಲ. ಅವನು ಹೊಸಿಲು ದಾಟಲು ಬಿಡುವುದಿಲ್ಲ. ಒಂದೇ ಒಂದು ಸಲ ಮಗಳು ಓಡಿ ಮುಗಿಸಬೇಕು, ತಾನು ಅದನ್ನು ಕಣ್ಣಾರೆ ನೋಡಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

ಕೆಂಪು ಹೆಲ್ಮೆಟ್ ಜನರನ್ನು ಸರಿಸಿಕೊಂಡು ಬರುತ್ತಿತ್ತು. ಮೈದಾನಕ್ಕೆ ಇಳಿಯಲು ಕಂಬಿಗಳ ನಡುವೆ ಇದ್ದದ್ದು ಒಂದೇ ದಾರಿ. ತಾಯಿ ಕುರ್ಚಿಯಿಂದ ಎದ್ದಳು. ಮಂಡಿಗಳು ಬೇಡವೆಂದವು. ಕೇಳದೆ ಹೋಗಿ ಆ ದಾರಿಗೆ ಅಡ್ಡ ನಿಂತು, ಎರಡೂ ಕೈಗಳಿಂದ ಕಂಬಿ ಹಿಡಿದಳು.

“ದಾರಿ ಬಿಡು.”

“ಬಿಡಲ್ಲ.”

“ಬಿದ್ರೆ ನೀನು ಎತ್ತುತ್ತೀಯಾ?”

“ಎತ್ತೋಕೆ ನೀನು ಬಂದಿದ್ದೀಯಲ್ಲ.”

“ಎಲ್ಲಾ ನಿನ್ನ ಮುದ್ದಿನಿಂದಲೇ ಆಗಿದ್ದು. ತಲೆ ಮೇಲೆ ಕೂರಿಸ್ಕೊಂಡಿದ್ದೀಯ.”

“ನನ್ನ ಮಗಳು, ನನ್ನ ತಲೆ. ನಿನಗೇನು ಭಾರ?”

ಅವನು ಮನಸ್ಸು ಮಾಡಿದ್ದರೆ ಒಂದೇ ಕೈಯಲ್ಲಿ ಅವಳನ್ನು ಪಕ್ಕಕ್ಕೆ ಸರಿಸಬಹುದಿತ್ತು. ಕೈ ಎತ್ತಿಯೂ ಎತ್ತಿದ. ಅಷ್ಟರಲ್ಲಿ ಓಟ ಶುರುಮಾಡುವ ಪಿಸ್ತೂಲು ಸಿಡಿಯಿತು.

ಹೋದ ಸಲದ ಪದಕದವಳು, ಉದ್ದ ಕಾಲಿನವಳು, ಮೊದಲೇ ಮುಂದೆ ಹೋಗಿಬಿಟ್ಟಳು. ಮಗಳು ಹಿಂದೆ ಉಳಿದಳು. ತಿರುವಿನಲ್ಲಿ ಒಬ್ಬಳನ್ನು ದಾಟಿದಳು. ಮತ್ತೊಬ್ಬಳನ್ನು ದಾಟಿದಳು.

“ಓಡೇ ಪುಟ್ಟೀ!” ತಾಯಿ ಕಿರುಚಿದಳು.

ಆಗಲೇ ಮಗಳ ಕಾಲು ತೊಡರಿತು. ಮೈ ಮುಂದಕ್ಕೆ ವಾಲಿತು, ಕೈಗಳು ಆಸರೆಗಾಗಿ ತಡಕಾಡಿದವು. ತಾಯಿ ಕಣ್ಣು ಮುಚ್ಚಿಕೊಂಡಳು. ಅವನು ಹೇಳಿದ್ದೇ ಸರಿ. ನನ್ನ ಜಂಭಕ್ಕೆ ಮಗಳನ್ನು ಬಲಿ ಕೊಟ್ಟೆ. ಹೆಗಲ ಮೇಲೆ ಅವನ ಕೈ ಬಿತ್ತು. ಇನ್ನು ತಳ್ಳುತ್ತಾನೆ ಎಂದುಕೊಂಡಳು. ಆ ಕೈ ತಳ್ಳಲಿಲ್ಲ, ಹೆಗಲನ್ನು ಬಿಗಿಯಾಗಿ ಹಿಡಿಯಿತು.

“ಬಿದ್ದಿಲ್ಲ,” ಎಂದ ಅವನು, ತನಗೇ ಹೇಳಿಕೊಳ್ಳುವವನಂತೆ. ಮರುಕ್ಷಣ ಗಂಟಲು ಹರಿಯುವಂತೆ ಕೂಗಿದ. “ಓಡು! ಇನ್ನು ಸ್ವಲ್ಪಾನೇ! ಓಡು!”

ತಾಯಿ ಕಣ್ಣು ಬಿಟ್ಟಾಗ ರಿಬ್ಬನ್ನು ಮಗಳ ಎದೆಗೆ ಸುತ್ತಿಕೊಂಡಿತ್ತು. ಉದ್ದ ಕಾಲಿನವಳು ಅವಳ ಹಿಂದೆ ಬಗ್ಗಿ ನಿಂತು ಏದುಸಿರು ಬಿಡುತ್ತಿದ್ದಳು. ಸುತ್ತಲೂ ಜನ ಎದ್ದು ನಿಂತಿದ್ದರು. ತಾಯಿ ಕಂಬಿ ಬಿಟ್ಟು ಚಪ್ಪಾಳೆ ತಟ್ಟಲು ಹೋಗಿ ತೂಕ ತಪ್ಪಿದಳು. ಅವಳು ಕುಸಿಯದಂತೆ ಅವನು ಎರಡೂ ತೋಳುಗಳಲ್ಲಿ ತಬ್ಬಿ ಹಿಡಿದ. ಅವನ ಕೆನ್ನೆ ಒದ್ದೆಯಾಗಿತ್ತು. ಅವಳ ಕಿವಿಯ ಹತ್ತಿರ ಬಾಯಿ ತಂದು ಕೂಗಿದ.

“ಅಜ್ಜೀ, ನೋಡಿದ್ಯಾ? ಅರವತ್ತಮೂರನೇ ವಯಸ್ಸಲ್ಲಿ ನಮ್ಮಮ್ಮ ಫಸ್ಟ್ ಬಂದ್ಲು!”