ಬಾಲಯೇಸುವಿನ ಭಾರ

ಕ್ಷಮೆ ಕೇಳದೆ ಉಳಿದವರ ಕೈಗೆ ಕ್ರಿಸ್ಮಸ್ ದಿನ ಬಾಲಯೇಸು ಭಾರವಾಗುವುದು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಗೋದಲಿಯಲ್ಲಿ ಮಲಗಿಸಬೇಕಾದ ಗೇಣುದ್ದದ ಮಣ್ಣಿನ ಮೂರ್ತಿ ಈ ಸಲ ಅಪೊಲಿನ್‌ಬಾಯಿಯ ಕೈಗೆ ಮಿಸುಕಲೂ ಇಲ್ಲ. ಅಮ್ಮ ಸತ್ತ ಸುದ್ದಿಯನ್ನು ಅವಳು ಪಕ್ಕದೂರಿನಲ್ಲಿದ್ದ ತಂಗಿ ಸೆವ್ರಿನಳಿಗೆ ಮುಟ್ಟಿಸಿದ್ದು ಮಣ್ಣು ಮಾಡಿದ ಮೇಲೆ.

“ನೀನೇ ಹೋಗಿ ಮಾತಾಡು ಮಾರಾಯ್ತಿ,” ಎಂದ ಗಂಡ ಸಿಪ್ರಿಯನ್.

ಅವಳು ಹೋಗಲಿಲ್ಲ. ನೆವ್ರಿ, ಕಲ್‌ಕಲ್‌ನಂಥ ಕ್ರಿಸ್ಮಸ್ ತಿಂಡಿ ತುಂಬಿದ ಕುಸ್ವಾರಿನ ತಟ್ಟೆಯನ್ನು ಅವನ ಕೈಯಲ್ಲೇ ಕಳಿಸಿದಳು.

ಸಂಜೆ ತಟ್ಟೆ ಹಿಡಿದು ಸೆವ್ರಿನಳೇ ಬಂದಳು. ಬರಿದಾಗಿ ಮರಳಿಸಬಾರದೆಂದು ಅದರಲ್ಲಿ ಸಕ್ಕರೆ ತುಂಬಿದ್ದಳು.

“ಗೋದಲಿ ಇನ್ನೂ ಖಾಲಿ ಉಂಟಲ್ಲ!” ಎನ್ನುತ್ತ ಒಂದೇ ಕೈಯಲ್ಲಿ ಬಾಲಯೇಸುವನ್ನೆತ್ತಿ ಅಕ್ಕನತ್ತ ಚಾಚಿದಳು. “ಹಿಡ್ಕೊ ಅಕ್ಕ, ನೀನೇ ಮಲಗಿಸು. ಹತ್ತಿಯ ಹಾಗೆ ಉಂಟು.”

ಅಪೊಲಿನ್‌ಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿದಳು.