ಚಿಕ್ಕತ್ತೆಯ ಡೆಕ್ಕೆ

ಹುಣಸೆಬೀಜದ ಗಂಜಿ ಹಾಕಿದ ಕಂಬಳಿಯ ವಾಸನೆ ಬಂದರೆ ಈಗಲೂ ನನಗೆ ‘ಡೆಕ್ಕೆ’ ಎಂಬ ಜರ್ಮನ್ ಪದ ನೆನಪಾಗುತ್ತದೆ.

ಧರ್ಮಪುರದ ನಮ್ಮ ಮನೆಯಲ್ಲಿ ಬೇಸಿಗೆಯ ಒಂದು ಮಧ್ಯಾಹ್ನ, ಜರ್ಮನಿಗೆ ನರ್ಸಾಗಿ ಹೊರಟಿದ್ದ ಚಿಕ್ಕತ್ತೆ ಪಾಠ ಒಪ್ಪಿಸುತ್ತಿದ್ದಳು. ನಾನು ಪುಸ್ತಕ ಹಿಡಿದು ತಪ್ಪು ನೋಡುತ್ತಿದ್ದೆ. ಡೆಕ್ಕೆ ಎಂದರೆ ಹೊದಿಕೆ, ಮನೆಯ ಚಾವಣಿಗೂ ಅದೇ ಪದ, ಸ್ತ್ರೀಲಿಂಗ. ಆಮೇಲೆ ಒಂದೇ ವಾಕ್ಯವನ್ನು ಅವಳು ಹತ್ತು ಸಲ ಹೇಳಿದಳು.

ಉಣ್ಣೆ ನೂಲುತ್ತಿದ್ದ ಅಜ್ಜಿ ಕೇಳಿದಳು: “ಅದೇನೇ, ಅವಾಗ್ಲಿಂದ ಅಂತಿದ್ದೀಯ?”

“ನಂಗೆ ಚಳಿ ಆಗ್ತೈತೆ, ಒಂದು ಹೊದಿಕೆ ಕೊಡ್ರಿ ಅಂತ, ಅವ್ವ.”

ಅಜ್ಜಿ ಕದಿರು ಕೆಳಗಿಟ್ಟು ಎದ್ದಳು. ದೇವರ ಗದ್ದಿಗೆಗೆ ಹಾಸುತ್ತಿದ್ದ, ಮನೆಯಲ್ಲಿ ಯಾರೂ ಹೊದೆಯದ ಕರಿಕಂಬಳಿಯನ್ನು ತಂದು ಚಿಕ್ಕತ್ತೆಯ ಸೂಟ್‌ಕೇಸಿನಲ್ಲಿ ಮಡಚಿಟ್ಟಳು.

“ಅದೊಂದು ಮಾತು ಕಲೀಬ್ಯಾಡ ಬಿಡು,” ಎಂದಳು.